ಅಪರದ ಮುದ್ದುಕೃಷ್ಣ

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲೇ ಮುದ್ದುಕೃಷ್ಣ ಊಟ ತಯಾರಾಗಿದೆ ಎಂದು ಹಾಡಿದ. ಇಟಲಿಯ ಭಾಷೆಯಲ್ಲಿ ಅದು 'ಲಾ ಚೇನಾ ಎ ಪ್ರೋಂತಾ'. ಬಚ್ಚಲಿನ ಕನ್ನಡಿಯಲ್ಲಿ ತನ್ನ ಬಾಯಿ ಅಷ್ಟಗಲ ತೆರೆದುಕೊಂಡದ್ದನ್ನೂ, ಹಿಂದಿನ ದವಡೆಹಲ್ಲಿಗೆ ತುಂಬಿದ ಸಿಮೆಂಟು ಕಾಣಿಸಿದ್ದನ್ನೂ ನೋಡಿ, ಇದು ಗಾಯಕನ ಬಾಯಿಯೋ ದಂತವೈದ್ಯನ ಮುಂದೆ ಕೂತವನ ಬಾಯಿಯೋ ಎಂಬ ಅನುಮಾನ ಬಂತು. ಇಡೀ ಒಪೆರಾದಲ್ಲಿ ಅವನ ಪಾಲಿಗೆ ಬಂದದ್ದು ಇದೊಂದೇ ಸಾಲು. ಎರಡನೆಯ ಅಂಕದಲ್ಲಿ ಜಮೀನ್ದಾರನ ಮುದಿ ಸೇವಕ ತಟ್ಟೆ ಹಿಡಿದು ಬರಬೇಕು, ಊಟ ತಯಾರಾಗಿದೆ ಎಂದು ಒಮ್ಮೆ ಹಾಡಬೇಕು, ಹಿಂದಕ್ಕೆ ನಡೆದುಬಿಡಬೇಕು. ಜಗಳವಾಡಿಕೊಂಡು ಮನೆಯ ಮೂಲೆಮೂಲೆ ಸೇರಿದ್ದವರೆಲ್ಲ ಆ ಕರೆ ಕೇಳಿ ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬರುತ್ತಾರೆ. ಆದರೆ ತಂಡವನ್ನು ನಡೆಸುವ ಇಟಲಿಯ ಮೇಡಂ ಕಳೆದ ವಾರ ಎಲ್ಲರೆದುರಿಗೆ ಹೇಳಿಬಿಟ್ಟಿದ್ದರು: ನೀನು ಕರೆದರೆ ಯಾರೂ ಊಟಕ್ಕೆ ಬರುವುದಿಲ್ಲ, ಕೂತವರೂ ಎದ್ದು ಹೋಗುತ್ತಾರೆ. ಎಲ್ಲರೂ ನಕ್ಕರು. ಅವನೂ ನಕ್ಕ. ಅಂದು ರಾತ್ರಿ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಿನಲ್ಲಿ ಸುಮ್ಮನೆ ನಿಂತಿದ್ದ. "ತಿಂಡೀನೇ ಆಗಿಲ್ಲ, ಆಗ್ಲೇ ಊಟಕ್ಕೆ ಕರೀತಿದೀರಾ?" ಎಂದು ಈಗ ಅಡುಗೆಮನೆಯಿಂದ ಹೆಂಡತಿ ಸ್ಪಂದನಾ ಕೂಗಿದಳು. ಮದುವೆಯಾದಾಗಿನಿಂದ ಅವಳು ಕಲಿತ ಇಟಾಲಿಯನ್ ಅಷ್ಟೇ, ಅದೂ ಅವನಿಂದ.

ಈ ಹಾಡುಗಾರಿಕೆಯ ಹಾದಿಗೆ ಅವನು ಬಂದದ್ದೇ ಬೆಂಕಿಯ ದಾರಿಯಿಂದ. ನಿಜವಾದ ಬೆಂಕಿಯಲ್ಲ, ಆಫೀಸಿನ ಫೈರ್ ಡ್ರಿಲ್. ದೋಹಾದ ಕಟ್ಟಡ ಕಾಂಟ್ರ್ಯಾಕ್ಟ್ ಕಂಪನಿಯೊಂದರ ಟೆಂಡರ್ ವಿಭಾಗದಲ್ಲಿ ಕೂತಿರುತ್ತಿದ್ದ ಅವನನ್ನು, ಬೇರೆ ಯಾರೂ ಒಪ್ಪದ ಕಾರಣ ಫ್ಲೋರ್ ವಾರ್ಡನ್ ಮಾಡಿದ್ದರು. ಡ್ರಿಲ್ಲಿನ ದಿನ ಹಳದಿ ಅಂಗಿ ತೊಟ್ಟು "ಎವ್ರಿಬಡಿ ಔಟ್" ಎಂದು ಅವನು ಎಳೆದು ಕೂಗಿದಾಗ ಇಡೀ ಮಹಡಿ ಖಾಲಿಯಾಯಿತು, ಕೆಳಗಿನ ಮಹಡಿಯೂ ಖಾಲಿಯಾಯಿತು. ಗಂಡನನ್ನು ಕಾಣಲು ಲಾಬಿಗೆ ಬಂದಿದ್ದ ಇಟಲಿಯ ಮೇಡಂ ಅವನ ಕೈ ಹಿಡಿದು ನಿಲ್ಲಿಸಿ, ನೀವು ಬ್ಯಾರಿಟೋನಾ ಎಂದು ಕೇಳಿದರು. ಅಲ್ಲ, ಟೆಂಡರ್ ಡಿಪಾರ್ಟ್‌ಮೆಂಟ್ ಎಂದ. ಅದು ಗಂಡಸಿನ ಒಂದು ಜಾತಿಯ ದನಿ ಎಂದು ಗೊತ್ತಾದ ಸಂಜೆ ಅವನಿಗೆ ಊಟ ಸೇರಲಿಲ್ಲ. ಮೈಸೂರಿನ ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಸಂಗೀತದ ಟೀಚರ್ ಅವನ ಕಿವಿಯ ಹತ್ತಿರ ಬಗ್ಗಿ, "ಮುದ್ದು, ನೀನು ಬರೀ ಬಾಯಿ ಆಡಿಸಪ್ಪ, ಸಾಕು" ಎಂದಿದ್ದರು. ಅಂದಿನಿಂದ ಅವನು ಬಾಯಿ ಆಡಿಸುತ್ತಲೇ ಬಂದಿದ್ದ. ರಾಷ್ಟ್ರಗೀತೆಗೆ, ದೇವಸ್ಥಾನದ ಭಜನೆಗೆ, ತನ್ನದೇ ಮದುವೆಯ ಆರತಿಯ ಹಾಡಿಗೆ, ಕೊನೆಗೆ ಆಫೀಸಿನ ಹ್ಯಾಪಿ ಬರ್ತ್‌ಡೇಗೂ. ಒಳಗೆ ಒಂದು ಜಾತಿಯ ದನಿ ಇಷ್ಟು ವರ್ಷ ಬೀಗ ಹಾಕಿಕೊಂಡು ಕೂತಿತ್ತೇ ಎಂದು ನೆನೆದರೆ ಅವನಿಗೆ ಈಗಲೂ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಸಂಜೆ ಕೊನೆಯ ರಿಹರ್ಸಲ್. ಹಾಡುವ ಪ್ರತಿಯೊಬ್ಬರೂ ತಮ್ಮ ಕಡೆಯ ಇಬ್ಬರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಮೇಡಂ ಅಪ್ಪಣೆ ಮಾಡಿದ್ದರು. ಮುದ್ದುಕೃಷ್ಣನಿಗೆ ಬೇರೆಯಾಗಿಯೇ ಹೇಳಿದ್ದರು: ನೀನು ಯಾರನ್ನು ಕರೆಯುತ್ತಿದ್ದೀಯೋ ನಿನಗೇ ಗೊತ್ತಿಲ್ಲ, ನಿನ್ನವರನ್ನು ಎದುರಿಗೆ ಕೂರಿಸಿಕೊಂಡು ಹಾಡು, ಆಗಲೂ ಬರದಿದ್ದರೆ ಸಾಲು ಕ್ಯಾಲ್ವಿನ್‌ಗೆ. ಕ್ಯಾಲ್ವಿನ್ ಮಂಗಳೂರಿನ ಹುಡುಗ, ಇಗರ್ಜಿಯ ಕ್ವಾಯರಿನಲ್ಲಿ ಹಾಡಿ ಬೆಳೆದವನು. ನೀರು ಕುಡಿದಷ್ಟು ಸುಲಭವಾಗಿ ಹಾಡುತ್ತಿದ್ದ, ಅದಕ್ಕಿಂತ ಹೆಚ್ಚಾಗಿ ಒಳ್ಳೆಯವನೂ ಆಗಿದ್ದ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಮುದ್ದುಕೃಷ್ಣನಿಗೆ ಬಹಳ ಆಯಾಸದ ಕೆಲಸವಾಗಿತ್ತು. ಎರಡು ಕುರ್ಚಿ, ಇಬ್ಬರು ಜನ. ತಾನಿದ್ದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕನ್ನಡದವರನ್ನೆಲ್ಲ ಹದಿನೈದು ದಿನದಿಂದ ಕರೆದಿದ್ದ. ಒಬ್ಬರೂ ಒಪ್ಪಿರಲಿಲ್ಲ. ಒಪ್ಪದಿದ್ದರೆ ಹೋಗಲಿ, ಬೆಚ್ಚಿಬೀಳುತ್ತಿದ್ದರು. ಸಹೋದ್ಯೋಗಿ ವಿಕಾಸ್, ಮೈಸೂರಿನವನೇ, ಎರಡೂ ಕೈ ಅಡ್ಡ ಹಿಡಿದು, "ಅಯ್ಯೋ ಸಾರ್, ಅದಕ್ಕೆಲ್ಲ ಬನ್ನಿ ಅಂತ ಬಾಯಿಬಿಟ್ಟು ಕರೀಬಾರ್ದು ಸಾರ್. ಮಗು ಇರೋ ಮನೆ ನಮ್ದು" ಎಂದಿದ್ದ. ಒಪೆರಾದಲ್ಲಿ ಮಕ್ಕಳು ನೋಡಬಾರದಂಥದ್ದು ಏನಿದೆ, ಒಂದು ಮುತ್ತು ಕೂಡ ಇಲ್ಲವಲ್ಲ ಎಂದು ಮುದ್ದುಕೃಷ್ಣ ದೃಶ್ಯದ ಮೇಲೆ ದೃಶ್ಯ ನೆನಪು ಮಾಡಿಕೊಂಡಿದ್ದ. ಇವತ್ತೇ ಸಂಜೆ ಆ ಮಗುವಿನ ನಾಮಕರಣ. ಸ್ಪಂದನಾಳಿಗೆ ಆಹ್ವಾನವಿತ್ತು, ಅವಳೊಬ್ಬಳೇ ಬಂದರೆ ಸಾಕು ಎಂಬ ಮಾತೂ ಇತ್ತು, ಹಾಗಾಗಿ ಕುರ್ಚಿಗೆ ಅವಳೂ ಇಲ್ಲ.

ಹಾಗೆಂದು ಜನ ಅವನನ್ನು ಅಗೌರವದಿಂದ ಕಂಡರು ಎನ್ನುವ ಹಾಗೂ ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದ ಹೆಂಗಸೊಬ್ಬರು ಟ್ರಾಲಿಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು, "ದೊಡ್ಡ ಮನಸ್ಸು ನಿಮ್ದು. ಈ ಊರಲ್ಲಿ ಇದಕ್ಕೆ ಯಾರೂ ಇರ್ಲಿಲ್ಲ. ಆದ್ರೂ ನಿಮ್ಮ ಹತ್ರ ನಮಗೆ ಕೆಲ್ಸ ಬೀಳ್ದೇ ಇರ್ಲಿ" ಎಂದು ಕೈಮುಗಿದಿದ್ದರು. ಕಲಾವಿದನನ್ನು ಜನ ದೂರದಿಂದಲೇ ಗೌರವಿಸುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಮೈಸೂರಿನಲ್ಲಿದ್ದ ಕಾಂತಾಮಣಿ ದೊಡ್ಡಮ್ಮನ ಫೋನು ದೋಸೆ ತಿನ್ನುವಾಗಲೇ ಬಂತು. ಅಮ್ಮ ಹೋದ ಮೇಲೆ ಅವನ ವಿಷಯವನ್ನು ಊರಿಗೆಲ್ಲ ಹಂಚುವ ಹೊಣೆ ದೊಡ್ಡಮ್ಮನದೇ. "ಇವತ್ತೂ ಇದೆಯೇನೋ ನಿಂದು?" ಎಂದರು. ಇದೆ ಎಂದ. "ಎಳ್ಳು ಸಿಗತ್ತಾ ಅಲ್ಲಿ?" ಎಂದರು. ಸೂಕ್ ವಾಕಿಫ್ ಸಂತೇಲಿ ರಾಶಿ ಹಾಕಿರ್ತಾರೆ ದೊಡ್ಡಮ್ಮ ಎಂದ, ಎಳ್ಳುಂಡೆಯನ್ನು ನೆನೆಯುತ್ತ. "ಮುಗಿಸ್ಕೊಂಡು ಬಂದು ತಲೆಗೆ ಸ್ನಾನ ಮಾಡು, ಹಾಗೇ ಒಳಗೆ ಹೋಗ್ಬೇಡ. ನಮ್ಮ ವಂಶದಲ್ಲಿ ಯಾರೂ ಈ ಕಸುಬು ಮಾಡಿರ್ಲಿಲ್ಲ ಕಣೋ. ಅತ್ತುಬಿಟ್ಟಿದ್ದೆ ಮೊದಲು ಕೇಳಿದಾಗ. ಆದ್ರೆ ಮಾಡ್ತೀನಿ ಅಂದ್ಮೇಲೆ ನೆಟ್ಟಗೆ ಮಾಡು, ಹಸಿದೋರು ಕಾಯ್ತಿರ್ತಾರೆ." ಆ ಕೊನೆಯ ಮಾತು ಮುದ್ದುಕೃಷ್ಣನನ್ನು ತಟ್ಟಿತು. ಇಟಲಿಯ ಮೇಡಂ ಹೇಳಿದ್ದೂ ಇದನ್ನೇ ಅಲ್ಲವೇ? ಒಪೆರಾ ಅಂದರೇನೆಂದೇ ಅರಿಯದ ಮುದುಕಿಗೆ ಒಪೆರಾದ ಮರ್ಮ ಹೇಗೆ ಹೊಳೆಯಿತು ಎಂದು ದೋಸೆ ಕೈಯಲ್ಲೇ ಹಿಡಿದು ಕೂತ.

ಸ್ಪಂದನಾ ಉಡುಗೊರೆಯ ಪೊಟ್ಟಣ ಕಟ್ಟಲು ಟೇಪು ಹುಡುಕುತ್ತಿದ್ದಾಗ ಇನ್ನೊಂದು ಫೋನು ಬಂತು. ಗೊತ್ತಿಲ್ಲದ ದನಿ, ಮಂಗಳೂರಿನ ಕಡೆಯ ಕನ್ನಡ. "ಮುದ್ದುಕೃಷ್ಣ ಸರ್ ಅಲ್ವಾ? ನಾನು ಬೋಜ ಅಂತ, ನಜ್ಮಾ ಏರಿಯಾದಲ್ಲಿ ಏಸಿ ರಿಪೇರಿ ಕೆಲಸ. ನೀವು ಅಪರ ಅಲ್ವಾ ಸರ್?" ಮುದ್ದುಕೃಷ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ಹೌದು, ಆಪರಾ, ಎಂದ. ಆ ಪದವನ್ನು ಹಾಗೆ ಬಾಯಿ ಅಗಲಿಸಿ ಹೇಳುವುದನ್ನು ಕ್ಯಾಲ್ವಿನ್‌ನಿಂದ ಕಲಿತಿದ್ದ, ದೊಡ್ಡಮ್ಮನಿಗೂ ಹಾಗೆಯೇ ಹೇಳಿದ್ದ. "ಮಧ್ಯಾಹ್ನ ನಮ್ಮಲ್ಲಿಗೆ ಬರ್ಲಿಕ್ಕೆ ಆಗ್ತದಾ ಸರ್? ಇವತ್ತೇ ಆಗ್ಬೇಕು. ಜನ ಜಾಸ್ತಿ ಇಲ್ಲ, ನಾನೊಬ್ಬನೇ. ಟೆರೇಸಿನಲ್ಲಿ ವ್ಯವಸ್ಥೆ ಮಾಡಿದ್ದೇನೆ. ಎಂತೆಲ್ಲ ಬೇಕು ಹೇಳಿ." ಒಬ್ಬನೇ ಒಬ್ಬ ಕೇಳುಗನಿಗಾಗಿ ಟೆರೇಸಿನಲ್ಲಿ ಕಛೇರಿ! ಕುಡಿಯಲು ಸ್ವಲ್ಪ ಬಿಸಿನೀರು ಇದ್ದರೆ ಸಾಕು ಎಂದ. ಆ ಕಡೆಯಿಂದ, "ಅಷ್ಟೇನಾ? ಊರಲ್ಲಿ ಎಷ್ಟೆಲ್ಲ ಕೇಳ್ತಾರೆ ಮಾರಾಯ್ರೆ" ಎಂಬ ಮಾತು ಗದ್ಗದವಾಗಿ ಬಂತು. ಮುದ್ದುಕೃಷ್ಣ ಸೇವಕನ ವೇಷದ ಕಪ್ಪು ಕೋಟನ್ನೂ ಬಿಳಿ ಕೈಗವುಸನ್ನೂ ಹಾಕಿಕೊಂಡು, ಕೊರಳಿಗೆ ಬೋ ಕಟ್ಟಿಕೊಂಡು ಹೊರಟ. ಕನಿಷ್ಠ ಒಂದು ಕುರ್ಚಿ ತುಂಬಿತು ಎಂಬ ಲೆಕ್ಕ ಮನಸ್ಸಿನಲ್ಲಿ ಆಗಲೇ ಶುರುವಾಗಿತ್ತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ, "ಶಾದಿ ಹೈ ಸಾಬ್?" ಎಂದು ಕೇಳಿದ. ಮದುವೆಯೇ ಅಂದುಕೋ ಎಂದು ನಕ್ಕ.

ನಜ್ಮಾದ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತುವಾಗ ಒಂದೊಂದು ಮಹಡಿಯಲ್ಲೂ ಚಪ್ಪಲಿಗಳ ಗುಂಪು, ಒಗೆದ ಲುಂಗಿಗಳು, ಯಾರದೋ ಬೇಳೆಯ ಒಗ್ಗರಣೆ. ಮೇಲಕ್ಕೆ ಹೋದಂತೆ ಒಗ್ಗರಣೆಯನ್ನು ಮೀನಿನ ವಾಸನೆ ನುಂಗಿತು. ಟೆರೇಸಿನಲ್ಲಿ ಡಿಶ್ ಆಂಟೆನಾಗಳ ನಡುವೆ ಒಬ್ಬ ಗಂಡಸು ಒದ್ದೆ ಬಿಳಿ ಪಂಚೆಯಲ್ಲಿ ನಿಂತಿದ್ದ. ತಲೆ ಹೊಸದಾಗಿ ಬೋಳಿಸಿದ್ದು, ಮೀಸೆಯಿದ್ದ ಜಾಗ ಬೆಳ್ಳಗೆ. ಅವನ ಮುಂದೆ ಬಾಳೆಯೆಲೆ, ಎಲೆಯ ತುಂಬ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು, ಪಾಯಸ, ಒಂದು ಬೀಡಿಯ ಕಟ್ಟು. ಕೋಟು, ಕೈಗವುಸು, ಬೋ ಎಲ್ಲವನ್ನೂ ಬೋಜ ತಲೆಯಿಂದ ಕಾಲಿನವರೆಗೆ ನೋಡಿದ. ಘಟ್ಟದ ಮೇಲಿನವರ ಸಂಪ್ರದಾಯ ಇದೇ ಇರಬೇಕೆಂದು ಒಪ್ಪಿಕೊಂಡವನಂತೆ ಕೈಮುಗಿದ. "ಬನ್ನಿ ಭಟ್ರೆ. ಊರಲ್ಲಿ ಅಪ್ಪ ಹೋದ್ರು. ನನ್ನ ಪಾಸ್‌ಪೋರ್ಟು ರಿನೀವಲಿಗೆ ಹೋಗಿತ್ತು, ಅದೇ ವಾರ. ಹೆಣದ ಮುಖವೂ ನೋಡ್ಲಿಕ್ಕೆ ಆಗ್ಲಿಲ್ಲ. ಇವತ್ತು ಊರಲ್ಲಿ ತಮ್ಮ ಬೊಜ್ಜ ಮಾಡ್ತಿದ್ದಾನೆ." ಮುದ್ದುಕೃಷ್ಣ ತನ್ನ ಹೊಟ್ಟೆ ನೋಡಿಕೊಂಡು ಉಸಿರು ಒಳಕ್ಕೆಳೆದ. ಬೋಜ, "ನಮ್ಮ ತುಳುವಲ್ಲಿ ಬೊಜ್ಜ ಅಂತ ಹೇಳುದು ಸರ್. ಸತ್ತವರಿಗೆ ಮಾಡುದು. ನಿಮ್ಮಲ್ಲಿ ಅದಕ್ಕೇ ಅಲ್ವಾ ಅಪರ ಅನ್ನುದು?" ಎಂದ. ಅವನ ಕೈಯಲ್ಲಿದ್ದ ಫೋನಿನ ಪರದೆಯಲ್ಲಿ, ಯಾರೋ ಕಳಿಸಿದ ನಂಬರಿನ ಮೇಲೆ 'ಅಪರದ ಮುದ್ದುಕೃಷ್ಣ' ಎಂಬ ಹೆಸರು ಇತ್ತು.

ಬಾಳೆಯೆಲೆ, ಆಂಟೆನಾ, ಬಿಸಿಲು ಎಲ್ಲವೂ ಒಮ್ಮೆ ಸಣ್ಣಗೆ ತಿರುಗಿದಂತಾಯಿತು. ಎಳ್ಳು. ತಲೆಗೆ ಸ್ನಾನ. ನಿಮ್ಮ ಹತ್ರ ಕೆಲ್ಸ ಬೀಳ್ದೇ ಇರ್ಲಿ. ಮಗು ಇರೋ ಮನೆ. ದೊಡ್ಡಮ್ಮ ಅಳುತ್ತ ಯಾರಿಗೋ ಹೇಳಿದ್ದು, ಅವರ ಮಗಳು ಓಲ್ಡ್ ಏರ್‌ಪೋರ್ಟಿನಲ್ಲಿ ಇನ್ಯಾರಿಗೋ ಹೇಳಿದ್ದು, ಮೈಸೂರಿನ ಮುದ್ದುಕೃಷ್ಣ ದೋಹಾಕ್ಕೆ ಹೋಗಿ ಹೆಣದ ಹಿಂದಿನ ಮಂತ್ರ ಹೇಳುವ ಕಸುಬಿಗೆ ಇಳಿದಿದ್ದಾನೆಂಬ ಸುದ್ದಿ ವಾಟ್ಸಾಪಿನಲ್ಲಿ ಮನೆಮನೆ ತಿರುಗಿದ್ದು. ಮತ್ತೆ ತಾನು ಪ್ರತಿಯೊಬ್ಬರ ಮುಂದೆಯೂ ಹಲ್ಲುಕಿರಿದು, ಒಂದು ಸಲ ಬಂದು ನೋಡಿ, ಕುಟುಂಬಸಮೇತ ಬನ್ನಿ, ಮುಂದಿನ ಸಾಲಿನಲ್ಲೇ ಜಾಗ ಇಟ್ಟಿರ್ತೀನಿ ಎಂದು ಗೋಗರೆದದ್ದು! ಬೆನ್ನಿನ ಮೇಲೆ ಬೆವರಿನ ಗೆರೆಯೊಂದು ಇಳಿದು ಪ್ಯಾಂಟಿನೊಳಗೆ ಹೋಯಿತು. ಅವನಿಗೆ ಜೋರಾಗಿ ನಗಬೇಕೆನಿಸಿತು. ನಗು ಬಾಯಿಯವರೆಗೆ ಬಂದು, ಎದುರಿಗೆ ನಿಂತ ಬೋಳುತಲೆಯನ್ನು ಕಂಡು ನಿಂತುಹೋಯಿತು. ಇಳಿದು ಓಡಿಹೋದರೆ? ಹೇಗೂ ಅಭ್ಯಾಸವಿದೆ, ಕಣ್ಣು ಮುಚ್ಚಿ ಬಾಯಿ ಆಡಿಸಿಬಿಟ್ಟರೆ? ಬೋಜನಿಗೆ ಏನೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

"ಬೋಜ ಅವ್ರೇ, ತಪ್ಪಾಗಿದೆ," ಎಂದ. "ನಾನು ಭಟ್ಟ ಅಲ್ಲ. ನಾನು ಹಾಡೋನು."

"ಮಂತ್ರ ಹಾಡುದಾ?"

"ಅಲ್ಲ. ನಾಟಕದ ಥರ ಒಂದಿದೆ, ಮಾತೆಲ್ಲ ಹಾಡೇ. ಆಪರಾ ಅಂತಾರೆ. ಜನ ಅಪರ ಅಂದ್ಕೊಂಡಿದಾರೆ. ಅದ್ರಲ್ಲೂ ನಂದು ಒಂದೇ ಒಂದು ಸಾಲು. ಇಟಲೀದು."

ಬೋಜ ಎಲೆಯ ಮೇಲಿನ ನೊಣವನ್ನು ಕೈಯಾಡಿಸಿ ಓಡಿಸಿದ. ಬೈಯುತ್ತಾನೆಂದು ಮುದ್ದುಕೃಷ್ಣ ಕಾದ. "ಆ ಸಾಲಿಗೆ ಅರ್ಥ ಎಂತ ಸರ್?"

"ಊಟ ತಯಾರಾಗಿದೆ ಅಂತ."

ಬೋಜ ಎಲೆಯ ಕಡೆ ತಿರುಗಿ ನೋಡಿದ. ಆಮೇಲೆ, "ನನಗೂ ಹೇಳ್ಲಿಕ್ಕೆ ಇರುದು ಅಷ್ಟೇ ಅಲ್ವಾ," ಎಂದ. "ಬನ್ನಿ ಅಂತ ಇಲ್ವಾ ಅದ್ರಲ್ಲಿ?"

"ಇಲ್ಲ. ಹೇಳೋ ರೀತೀಲೇ ಅದು ಬರ್ಬೇಕು ಅಂತಾರೆ ನಮ್ಮ ಮೇಡಂ. ನಂಗೆ ಬರ್ತಿಲ್ಲ."

"ಬೆಳಿಗ್ಗೆಯಿಂದ ನಾನೂ ಕಾ ಕಾ ಅಂತ ಕರೀತಾ ಇದ್ದೇನೆ. ಕಾಗೆ ಮುಟ್ಟಿದ್ರೆ ಅಪ್ಪ ಉಂಡ ಹಾಗೆ. ಈ ಊರಲ್ಲಿ ಒಂದು ಕಾಗೆ ಉಂಟಾ ನೋಡಿ. ಬರುದು ಬರೀ ಪಾರಿವಾಳ, ಅದು ಬಂಗುಡೆ ಮೂಸುದೂ ಇಲ್ಲ. ನೀವೊಂದು ಸಲ ಕರೀರಿ ಸರ್, ಅಪ್ಪನಿಗೆ ಭಾಷೆ ಎಲ್ಲ ತೊಂದರೆ ಇಲ್ಲ. ಬೊಂಬಾಯಿಯಲ್ಲಿ ಇದ್ದವರು."

ಅಷ್ಟರಲ್ಲಿ ಮಸೀದಿಯಿಂದ ಶುಕ್ರವಾರದ ಪ್ರಾರ್ಥನೆಯ ಕರೆ ಎದ್ದಿತು. ಇಬ್ಬರೂ ಮೋಟುಗೋಡೆಯ ನೆರಳಿನಲ್ಲಿ ಕೂತು ಕಾದರು. ಕೆಳಗೆ ಅಂಗಡಿಗಳ ಶಟರು ಇಳಿದವು, ಬೀದಿ ಖಾಲಿಯಾಯಿತು, ಬಹಳ ಹೊತ್ತಿನ ಮೇಲೆ ಮತ್ತೆ ಜನರಿಂದ ತುಂಬಿತು. ಕಾಯುವಾಗ ಬೋಜ ಅವನಿಗೆ ಬಿಸಿನೀರು ಕೊಟ್ಟ, ಕೇಳಿದ್ದೊಂದನ್ನಾದರೂ ಕೊಟ್ಟ ಸಮಾಧಾನ ಅವನ ಮುಖದಲ್ಲಿತ್ತು. ಆಮೇಲೆ ಮುದ್ದುಕೃಷ್ಣ ಎದ್ದು ಎಲೆಯ ಮುಂದೆ ನಿಂತು, ಮೇಡಂ ಕಲಿಸಿದಂತೆ ಹೊಟ್ಟೆಯ ತಳದಿಂದ ಉಸಿರೆಳೆದ. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದವನ ಶ್ವಾಸಕೋಶದ ತುಂಬ ಬಂಗುಡೆಯ ಪುಳಿಮುಂಚಿ ಹೋಗಿ ಕೂತಿತು. ಲಾ ಚೇನಾ ಎ ಪ್ರೋಂತಾ! ಟೆರೇಸಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಪಕ್ಕದ ಬೀದಿಯ ಕಡೆಗೆ ಹಾರಿಹೋದವು. ಕೂತವರೂ ಎದ್ದು ಹೋಗುತ್ತಾರೆ ಎಂದು ಮೇಡಂ ಹೇಳಿದ್ದು ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ನಿಜವಾಗುತ್ತದೆಂದು ಅವನು ಎಣಿಸಿರಲಿಲ್ಲ.

"ಹೀಗೆ ಕರೆದ್ರೆ ಅಪ್ಪ ಬರುದಿಲ್ಲ ಸರ್," ಎಂದ ಬೋಜ, ಮೆಲ್ಲಗೆ. "ಇದು ಎದ್ದು ಹೋಗಿ ಅಂದ ಹಾಗೆ ಉಂಟು."

ಎವ್ರಿಬಡಿ ಔಟ್. ಅದೇ ಎಳೆತ, ಅದೇ ಏರು. ಹೊರಗೆ ಕಳಿಸುವುದಕ್ಕಾಗಿ ತೆರೆದ ಗಂಟಲಿನಿಂದ ಒಳಗೆ ಕರೆಯುವುದು ಹೇಗೆ ಎಂದು ಮುದ್ದುಕೃಷ್ಣನಿಗೆ ದಿಕ್ಕುತೋಚಲಿಲ್ಲ. "ನೀವು ಅಪ್ಪನ್ನ ಊಟಕ್ಕೆ ಹೇಗೆ ಕರೀತಿದ್ರಿ?" ಎಂದು ಕೇಳಿದ. "ನಾವು ಕರೀಲಿಕ್ಕೆ ಇರ್ಲಿಲ್ಲ. ಅವರೇ ನಮ್ಮನ್ನು ಕರೀತಿದ್ದದ್ದು," ಎಂದ ಬೋಜ. "ನಾವೆಲ್ಲ ಗದ್ದೆಯ ಆಚೆ ಬದಿ ಆಡ್ತಿದ್ದೆವು. ಹೊಡೆದಿದ್ರೂ ಬೈದಿದ್ರೂ ಉಣ್ಣುವ ಹೊತ್ತಿಗೆ ಅಂಗಳದ ತುದಿಗೆ ಬಂದು ನಿಲ್ತಿದ್ರು. ಹೆಸರು ಹೇಳುದಿಲ್ಲ. 'ಒಣಸ್‌ಗ್ ಬಲೇ' ಅಂತ. ಊಟಕ್ಕೆ ಬನ್ನಿ ಅಂತ. ಅಷ್ಟೇ." ಅವನು ಅದನ್ನು ಹೇಳಲಿಲ್ಲ, ಕರೆದ. ಬೋಳುತಲೆಯನ್ನು ಸ್ವಲ್ಪ ಓರೆ ಮಾಡಿ, 'ಬಲೇ' ಎನ್ನುವುದನ್ನು ಕೊನೆಯಲ್ಲಿ ಎತ್ತದೆ, ಇಳಿಸಿ, ನೆಲಕ್ಕೆ ಹಾಸಿದ ಹಾಗೆ. ಕರೆದು ಮುಗಿಸಿ, ಯಾರಾದರೂ ಬರುತ್ತಾರೇನೋ ಎಂಬಂತೆ ಮೆಟ್ಟಿಲಿನ ಕಡೆ ನೋಡಿದ. ಆ ನೋಟ ಕಂಡು ಮುದ್ದುಕೃಷ್ಣನಿಗೆ ಅಳು ಬಂತು. ಹದಿನೈದು ದಿನ ಓಲ್ಡ್ ಏರ್‌ಪೋರ್ಟಿನಲ್ಲಿ ಮನೆಮನೆ ಸುತ್ತಿ ತಾನು ಕರೆದದ್ದೂ ಇದನ್ನೇ. ಬನ್ನಿ, ಯಾರಾದರೂ ಬನ್ನಿ. ಆದರೆ ಹಾಡುವಾಗ ಮಾತ್ರ, ಯಾರೋ ಕಿವಿಯ ಹತ್ತಿರ ಬಗ್ಗಿ ಸಾಕಪ್ಪ ಎನ್ನುವ ಮೊದಲೇ ಎಲ್ಲರನ್ನೂ ಓಡಿಸಿಬಿಡುವ ಅವಸರ. ಅವನು ಕೈಗವುಸು ತೆಗೆದು ಜೇಬಿಗೆ ಹಾಕಿಕೊಂಡ. ಎದುರಿನ ಡಿಶ್ ಆಂಟೆನಾಗಳ ಆಚೆ ಗದ್ದೆಯಿದೆ, ಗದ್ದೆಯ ಆಚೆ ಬದಿಯಲ್ಲಿ ಹಸಿದವರಿದ್ದಾರೆ ಎಂದುಕೊಂಡು ಹಾಡಿದ. ಕೊನೆಯ 'ಪ್ರೋಂತಾ' ಎತ್ತರಕ್ಕೆ ಹೋಗಲಿಲ್ಲ, ಬೋಜನಪ್ಪನ ಅಂಗಳದ ತುದಿಗೆ ಹೋಗಿ ನಿಂತಿತು.

ಏನೂ ಆಗಲಿಲ್ಲ. ಕೆಳಗೆ ಯಾರೋ ಗಾಡಿಯ ಹಾರನ್ ಒತ್ತಿದರು. ಆಮೇಲೆ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದಾಗಿ, ಒಂದು ತಲೆ ಮೇಲೆ ಬಂತು. ಕೆಳಗಿನ ಕೆಫೆಟೇರಿಯಾ ನಡೆಸುವ ಉಪ್ಪಳದ ಇರ್ಷಾದ್, ನಮಾಜು ಮುಗಿಸಿ ಬಂದವನು, ಟೊಪ್ಪಿ ಇನ್ನೂ ತಲೆಯ ಮೇಲೇ ಇತ್ತು. "ಬೋಜಣ್ಣ, ಯಾರೋ ಊಟಕ್ಕೆ ಕರೆದ ಹಾಗೆ ಆಯ್ತಲ್ಲ?" ಎಂದ. ಮುದ್ದುಕೃಷ್ಣ ಅವನ ಎರಡೂ ಭುಜ ಹಿಡಿದುಕೊಂಡ. "ನಿಜವಾಗ್ಲೂ? ಊಟಕ್ಕೇ ಅಂತ ಗೊತ್ತಾಯ್ತಾ?" ಇರ್ಷಾದ್ ಗಾಬರಿಯಾಗಿ, "ಇಲ್ಲದಿದ್ರೆ ನಾನ್ಯಾಕೆ ಮೂರು ಮಾಳಿಗೆ ಹತ್ತಿ ಬರ್ಲಿ?" ಎಂದ. ಅವರಿಬ್ಬರೂ ಹೀಗೆ ಹಿಡಿದುಕೊಂಡಿರುವಾಗಲೇ ಒಂದು ಮೈನಾ ಮೋಟುಗೋಡೆಗೆ ಬಂದು ಕೂತು, ಆಚೀಚೆ ನೋಡಿ, ಎಲೆಯ ಮೇಲಿಳಿದು ಬಂಗುಡೆಯ ಚೂರು ಕಚ್ಚಿಕೊಂಡಿತು. ಬೋಜ ಉಸಿರು ಬಿಡಲಿಲ್ಲ. ತುಟಿ ಮಾತ್ರ ಆಡಿಸಿ, "ಮೈನಾ ಆಗ್ತದಾ ಭಟ್ರೆ?" ಎಂದು ಕೇಳಿದ. ಮುದ್ದುಕೃಷ್ಣ ತನ್ನ ವಂಶದಲ್ಲಿ ಯಾರೂ ಮಾಡದಿದ್ದ ಕಸುಬಿನ ಸಂಪೂರ್ಣ ಅಧಿಕಾರದಿಂದ, "ಧಾರಾಳವಾಗಿ ಆಗತ್ತೆ" ಎಂದ. ಬೋಜ ಟೆರೇಸಿನ ಬಿಸಿ ಸಿಮೆಂಟಿನ ಮೇಲೆ ಕೂತು ಮಗುವಿನಂತೆ ಅತ್ತ. ಇರ್ಷಾದ್ ಅವನ ಪಕ್ಕದಲ್ಲಿ ಕೂತು ಬೆನ್ನು ಸವರಿದ. ಆಮೇಲೆ ಮೂವರೂ ಉಂಡರು. ಮುದ್ದುಕೃಷ್ಣ ಅನ್ನ, ಪಾಯಸ ಅಷ್ಟೇ ಹಾಕಿಸಿಕೊಂಡ, ಆದರೆ ಪುಳಿಮುಂಚಿಯ ವಾಸನೆ ಕೋಟಿನಲ್ಲಿ ಸೇರಿಹೋಗಿತ್ತು. ಸಂಜೆ ಎರಡು ಕುರ್ಚಿ ಖಾಲಿ ಇವೆ ಎಂದು ಅವನು ಹೇಳಿದಾಗ, ಬೊಜ್ಜ ಮುಗಿದು ಸೂತಕ ಕಳೆಯಿತಲ್ಲ, ಬರ್ತೇನೆ ಎಂದ ಬೋಜ. ನನ್ನ ಪಿಕಪ್ ಗಾಡಿ ಉಂಟು, ಯಲ್ಲಾ, ಹೋಗುವ ಎಂದ ಇರ್ಷಾದ್.

ಸಭಾಂಗಣದಲ್ಲಿ ಏಸಿ ಬಹಳ ಚಳಿಯಾಗಿತ್ತು. ಬೋಜ ಶಾಲಿನಂತೆ ಟವೆಲು ಹೊದ್ದುಕೊಂಡು, ಏಸಿಯ ದನಿ ಕೇಳಿ ಎಲ್ಲಿ ಕೆಟ್ಟಿದೆಯೆಂದು ಇರ್ಷಾದನಿಗೆ ಹೇಳುತ್ತ ಮುಂದಿನ ಸಾಲಿನಲ್ಲಿ ಕೂತಿದ್ದ. ಪರದೆಯ ಮರೆಯಲ್ಲಿ ಕ್ಯಾಲ್ವಿನ್ ಇನ್ನೊಂದು ಕಪ್ಪು ಕೋಟು ತೊಟ್ಟು ಸಿದ್ಧನಾಗಿ ನಿಂತಿದ್ದ. ಮುದ್ದುಕೃಷ್ಣನನ್ನು ಮೂಸಿ, "ಸರ್, ಬಂಗುಡೆ?" ಎಂದು ಪಿಸುಗುಟ್ಟಿದ. ಅವನ ಕಣ್ಣು ಊರಿನ ನೆನಪಿಗೆ ಒದ್ದೆಯಾದಂತೆ ಕಂಡಿತು. ಎರಡನೆಯ ಅಂಕ ಬಂತು. ತಟ್ಟೆ ಹಿಡಿದು ಬೆಳಕಿಗೆ ಬಂದಾಗ ಮುದ್ದುಕೃಷ್ಣನಿಗೆ ಕಿವಿಯ ಹತ್ತಿರ ಯಾರೋ ಬಗ್ಗಿದಂತಾಯಿತು. ಆದರೆ ಮುಂದಿನ ಸಾಲಿನ ಬೋಳುತಲೆ ಕತ್ತಲೆಯಲ್ಲೂ ಹೊಳೆಯುತ್ತಿತ್ತು. ಅವನು ಅದಕ್ಕೆ ಹಾಡಿದ.

ಸಾಲು ಮುಗಿಯಿತು. ಜಮೀನ್ದಾರನ ಮನೆಯವರು ಮೇಜಿಗೆ ಬರಲು ಹೆಜ್ಜೆ ಎತ್ತುವ ಮೊದಲೇ ಬೋಜ ಎದ್ದು ನಿಂತ. ಟವೆಲನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಿ ಕಟ್ಟಿಕೊಂಡು, ಕೈಮುಗಿದು, ಎಲೆಯ ಮುಂದೆ ನಿಂತವನ ಹಾಗೆಯೇ ನಿಂತ. ಹಿಂದಿನ ಸಾಲಿನವರು ಇಂಗ್ಲಿಷಿನಲ್ಲಿ ಕೂರಿ ಎಂದರು, ಅರಬಿಯಲ್ಲಿ ಕೂರಿ ಎಂದರು. ಇರ್ಷಾದ್ ಅವನ ಅಂಗಿ ಹಿಡಿದು ಎಳೆದ, ಎಳೆದು ಸೋತು ತಾನೂ ಎದ್ದು ನಿಂತ. ವಾದ್ಯದವರು ನಿಲ್ಲಿಸಿದರು. ಹಿಂದಕ್ಕೆ ನಡೆದುಬಿಡಬೇಕಾಗಿದ್ದ ಮುದ್ದುಕೃಷ್ಣ, ಕರೆಯಿಸಿಕೊಂಡವರು ನಿಂತಿರುವಾಗ ಕರೆದವನು ಹೋಗುವುದು ಹೇಗೆಂದು ತಿಳಿಯದೆ ತಟ್ಟೆ ಹಿಡಿದು ಅಲ್ಲೇ ಉಳಿದ. ಮೇಡಂ ಕನ್ನಡಕ ತೆಗೆದು ಆ ಇಬ್ಬರನ್ನು ನೋಡಿದರು, ಅವನನ್ನು ನೋಡಿದರು, ಕ್ಯಾಲ್ವಿನ್‌ನ ಕಡೆ ತಿರುಗಿ ಕೋಟು ಬಿಚ್ಚಿಡು ಎಂದು ಸನ್ನೆ ಮಾಡಿದರು.

"ಯಾರು ಅವರು?" ಎಂದು ಕೇಳಿದರು. "ನಿನ್ನವರಾ?"

ಮಧ್ಯಾಹ್ನದವರೆಗೂ ಅವನು ಅವರ ಮುಖ ಕಂಡವನಲ್ಲ. "ಹೌದು ಮೇಡಂ," ಎಂದ ಅಪರದ ಮುದ್ದುಕೃಷ್ಣ, "ನಮ್ಮವರೇ. ಕರೆದಿದ್ದೆ, ಬಂದಿದಾರೆ."